ಕಾಕಿಗೆ ಹೇಳಿದ ಅರ್ಧ ಪಾಠ

ಇವತ್ತು ಬೀದರಿನ ನಮ್ಮ ಪ್ರಯೋಗಾಲಯದಲ್ಲಿ ವಿದ್ಯಾರ್ಥಿನಿಯೊಬ್ಬಳು ಜೀವಕೋಶ ಬೆಳೆಸುವ ಗಾಜಿನ ತಟ್ಟೆ ಎತ್ತಿ ತೋರಿಸಿ, “ಮೇಡಂ, ಇವಕ್ಕ ನಿನ್ನಿಯಿಂದ ಉಪವಾಸ ಇಟ್ಟೀನ್ರಿ,” ಎಂದಳು. ಆಹಾರ ತೆಗೆದರೆ ಜೀವಕೋಶಗಳು ಒಡೆದು ಎರಡಾಗುವುದನ್ನು ನಿಲ್ಲಿಸುತ್ತವೆ. ನಮಗಿದು ದಿನನಿತ್ಯದ ಕೆಲಸ. ನನಗೆ ಮಾತ್ರ ಎಷ್ಟೋ ವರ್ಷ ಹಿಂದಿನ ಇದೇ ಊರಿನ ಚಿದ್ರಿ ಬಡಾವಣೆಯ ಬಾಡಿಗೆ ಮನೆಯಲ್ಲಿ ಒಲೆ ಮುಂದೆ ಕೂತ ಕಾಕಿ, ಅಂದರೆ ಅಪ್ಪನ ತಮ್ಮನ ಹೆಂಡತಿ, ನೆನಪಾದಳು.

ಮಳೆ ಕೈಕೊಟ್ಟ ಎರಡನೇ ವರ್ಷ ಅದು. ನಮ್ಮ ಹಳ್ಳಿ ಚಿಂತಾಕಿಯ ಅರ್ಧ ಜನ ಹೈದರಾಬಾದಿಗೆ ಗಾರೆ ಕೆಲಸಕ್ಕೆ ಗುಳೆ ಹೋಗಿದ್ದರು. ಕಾಕಾನ ಜೊತೆ ಹೋಗಿದ್ದ ಕಾಕಿ ನಡುವೆ ನಾಲ್ಕು ದಿನ ನಮ್ಮಲ್ಲಿ ಇಳಿದುಕೊಂಡಿದ್ದಳು. ನಾನಾಗ ಸಂಶೋಧನೆಗೆ ಸೇರಿದ ಹೊಸತು. ಹೊಸ ವಿದ್ಯೆ ಕಲಿತವರ ಬಾಯಿ ನಿಮಗೂ ಗೊತ್ತಲ್ಲ. ಕುಡಿಯಲು ನೀರು ಕೇಳಿದವರಿಗೂ ಜೀವಕೋಶದ ಕಥೆ ಹೇಳುತ್ತಿದ್ದೆ.

“ಅಲ್ಲಿ ಏನ್ ಓದ್ತಿ ಅವ್ವಾ?” ರೊಟ್ಟಿ ಬಡಿಯುತ್ತ ಕಾಕಿ ಕೇಳಿದಳು. ಶುರು ಮಾಡಿದೆ: ಜೀವಕೋಶ ಬೆಳೆಯುತ್ತದೆ, ತನ್ನೊಳಗಿರುವುದಕ್ಕೆ ಇನ್ನೊಂದು ಪ್ರತಿ ಮಾಡುತ್ತದೆ, ಒಡೆದು ಎರಡಾಗುತ್ತದೆ. ನಡುನಡುವೆ ತಪಾಸಣೆ, ತಪ್ಪಿದ್ದರೆ ತಡೆ. ಆ ತಡೆ ಕೆಟ್ಟರೆ ಕ್ಯಾನ್ಸರ್.

“ಕೂಳ ಹಾಕ್ಲಿಲ್ಲಂದ್ರ ನಿಲ್ತದೇನ್?”

“ನಿಲ್ತದ ಕಾಕಿ. ನಾವು ದಿನಾ ನಿಲ್ಲಿಸ್ತೀವಿ.”

ಕಾಕಿ ತಲೆಯಾಡಿಸಿದಳು. ಪಾಠ ತಲುಪಿತೆಂಬ ಹೆಮ್ಮೆಗೆ ನಾನು ಎರಡು ರೊಟ್ಟಿ ಹೆಚ್ಚೇ ತಿಂದೆ.

ಐದಾರು ತಿಂಗಳ ಮೇಲೆ ಭಾಲ್ಕಿಯಲ್ಲೊಂದು ಮದುವೆ. ಕಾಕಿ ಅರ್ಧಕ್ಕಿಳಿದಿದ್ದಳು. ಆ ವರ್ಷ ಸೊರಗದವರು ಯಾರಿದ್ದರು? ಯಾರೂ ಏನೂ ಕೇಳಲಿಲ್ಲ. ಪಂಕ್ತಿಯಲ್ಲಿ ಹುಗ್ಗಿ ಬಂದಾಗ ಎಲೆಗೆ ಕೈ ಅಡ್ಡ ಹಿಡಿದಳು. ನಾನು ಒತ್ತಾಯ ಮಾಡಿದ್ದಕ್ಕೆ ಕಿವಿಯ ಹತ್ತಿರ ಬಾಗಿ, “ಎದಿಯಾಗ ಗಂಟ ಅದ ಅವ್ವಾ. ನೀ ಹೇಳಿದ್ದಿ ಅಲ್ಲಾ, ಅದಕ್ಕ ಕೂಳ ಹಾಕವಲ್ಲೆ. ದಿನಕ್ಕ ಒಂದ ರೊಟ್ಟಿ. ಆದ್ರೂ ಬೆಳಿಲಾಕತ್ತದ,” ಎಂದಳು.

ಆಹಾರವಿಲ್ಲದೆ ನಿಲ್ಲುವುದು ಆರೋಗ್ಯವಾಗಿರುವ ಕೋಶ. ಕ್ಯಾನ್ಸರಿನ ಕೋಶ ಬಹಳ ಸಲ ನಿಲ್ಲುವುದೇ ಇಲ್ಲ. ಆ ಉಳಿದರ್ಧವನ್ನು ಅಲ್ಲೇ, ಎಲೆಯ ಮುಂದೆ ಕೂತು, ತೊದಲುತ್ತ ಹೇಳಿದೆ.

“ಮತ್ತ ಆವತ್ತ ಯಾಕ ಹೇಳಲಿಲ್ಲ?” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಮರುದಿನವೇ ಆಸ್ಪತ್ರೆಗೆ ಕರೆದೊಯ್ದೆ. ಮೊದಲು ಮೈಯಲ್ಲಿ ರಕ್ತ ತುಂಬಲಿ, ಆಮೇಲೆ ಆಪರೇಷನ್ ಎಂದರು. ಕಾಕಿ ನನ್ನೆದುರು ಹಟ ಹಿಡಿದು ಉಂಡಳು. ಆದರೆ ಹೊತ್ತು ಮೀರಿತ್ತು. ಮಳೆಯಾದಾಗ ಗುಳೆ ಹೋದವರೆಲ್ಲ ಚಿಂತಾಕಿಗೆ ಮರಳಿದರು, ಅವಳೊಬ್ಬಳು ಇರಲಿಲ್ಲ. ನಿನ್ನ ತಪ್ಪಲ್ಲ, ರೋಗದ್ದು ಎಂದು ಡಾಕ್ಟರು ಹೇಳಿದ್ದರು. ನಾನು ಇವತ್ತಿಗೂ ಪೂರ್ತಿ ಒಪ್ಪಿಲ್ಲ.

ಇವತ್ತು ವಿದ್ಯಾರ್ಥಿನಿ ತಟ್ಟೆ ಹಿಡಿದು ಹೋದ ಮೇಲೆ, ಪ್ರಯೋಗಾಲಯದ ನೆಲ ಒರೆಸುತ್ತಿದ್ದ ಹೆಂಗಸು ತಲೆಯೆತ್ತದೆ ಕೇಳಿದಳು: “ಮೇಡಮ್ಮೋರೆ, ಗಂಟ ಅಂದ್ರ ಎಲ್ಲಾ ಕ್ಯಾನ್ಸರೇ ಇರ್ತದೇನ್ರಿ?”

ಉತ್ತರ ನಾಲಿಗೆಯ ತುದಿಯಲ್ಲಿತ್ತು. ತಡೆದುಕೊಂಡೆ. ಕುರ್ಚಿ ಎಳೆದು ಅವಳನ್ನು ಕೂರಿಸಿ, “ಯಾಕ ಕೇಳ್ತೀರಿ?” ಎಂದೆ.

“ಸುಮ್ನ ಕೇಳ್ದೆರಿ.”

ನಾನು ಬಾಗಿಲು ಮುಚ್ಚಿ ಬಂದು ಅವಳೆದುರು ಕೂತೆ.