ಹಕ್ಕಿ ಇಟ್ಟ ಬದನಿಕೆ

ಹಂದನಕೆರೆಯ ಹೊಂಬಾಳಮ್ಮನ ಮಗಳು ಚಿಕ್ಕಗೌರಮ್ಮನನ್ನು ಅರಳಗುಪ್ಪೆಗೆ ಕೊಟ್ಟು ಏಳು ವರ್ಷವಾದರೂ ಮಡಿಲು ತುಂಬಿರಲಿಲ್ಲ. ಎಪ್ಪತ್ತೇಳರ ಯುಗಾದಿಗೆ ಬಂದ ಅಳಿಯ ಹೋಳಿಗೆ ತಿನ್ನುತ್ತಲೇ, "ಮನೇಲಿ ನಂಗೆ ಇನ್ನೊಂದು ಹೆಣ್ಣು ನೋಡ್ತಾವ್ರೆ" ಅಂದ. ಕೈ ತೊಳೆಯುವವರೆಗೂ ತಾಳಲಿಲ್ಲ ಆ ಪುಣ್ಯಾತ್ಮ.

ಹೊಂಬಾಳಮ್ಮ ನಾಟಿ ಔಷಧಿಯ ಗಂಗಯ್ಯನ ಹತ್ತಿರ ಓಡಿದಳು. "ಮಾವಿನ ಮರದ ಬದನಿಕೆ ಬೇಕು ಕಣಕ್ಕ, ಹಾಲಲ್ಲಿ ಅರ್ದು ಕುಡ್ಸಾನ. ಮನುಷ್ಯರು ಅಂಟ್ಸಿದ್ದು ಆಗಾಕಿಲ್ಲ, ಹಕ್ಕಿನೇ ಇಟ್ಟಿರ್ಬೇಕು. ಮೂರು ಸಲ ಹಣ್ಣು ಬುಟ್ಟಿರ್ಬೇಕು" ಅಂದ ಆತ.

ಮರದ ಮೇಲೆ ಹುಟ್ಟಿ ಮರದ ಸಾರವನ್ನೇ ಹೀರುವ ಬದನಿಕೆಯನ್ನು ಬುದ್ಧಿಯಿರುವವರು ಕಂಡಲ್ಲೇ ಕಡಿಯುತ್ತಾರೆ. ಹೊಂಬಾಳಮ್ಮ ಕಾದು ಕೂತಳು. ತೋಟದ ಬೇಲಿಯಲ್ಲಿದ್ದ ಅವಳ ಮಾವಿನ ಮರಕ್ಕೆ ಹೆಬ್ಬೆರಳು ಗಾತ್ರದ ಬೂದು ಹಕ್ಕಿಯೊಂದು ಎಲ್ಲಿಯದೋ ಬದನಿಕೆ ಹಣ್ಣು ತಿಂದು ಬಂದು, ಅಂಟು ಬೀಜವನ್ನು ಕೊಂಬೆಗೆ ಒರೆಸಿ ಹೋಯಿತು. ಅದಕ್ಕೆ ಕೈ ಮುಗಿದಳು, ಮನೆದೇವರಿಗೂ ಅಷ್ಟು ಭಕ್ತಿಯಿಂದ ಮುಗಿದವಳಲ್ಲ.

ಮರು ವರ್ಷ ಬದನಿಕೆ ಪೊದೆಯಾಯಿತು. ಮೈದುನ ಮಾಯಣ್ಣ ದೋಟಿಗೆ ಕುಡುಗೋಲು ಕಟ್ಟಿಕೊಂಡು ಬಂದ.

"ಮರ ಒಣಗೋಯ್ತದೆ ಕಣತ್ಗೆ."

"ಹೋದ್ರೆ ಮರ ಹೋಗ್ಲಿ ಬುಡಪ್ಪ. ನನ್ ಮಗಳ ಬಾಳು ಉಳೀಬೇಕು."

ಪ್ರತಿ ಯುಗಾದಿಗೂ ಅರಳಗುಪ್ಪೆಗೆ ಹೋಗಿ ಬೀಗರ ಕಾಲಿಗೆ ಬಿದ್ದು ಇನ್ನೊಂದು ವರ್ಷದ ಗಡುವು ಬೇಡಿ ತರುತ್ತಿದ್ದಳು. ಬದನಿಕೆ ಮೂರನೆಯ ಸಲ ಹಣ್ಣು ಬಿಟ್ಟಾಗ ಮರದಲ್ಲಿ ಒಂದು ಮಾವಿನಕಾಯಿಯೂ ಇರಲಿಲ್ಲ. ಗಂಗಯ್ಯ ಅರೆದು ಕೊಟ್ಟ, ಮಗಳು ಮೂರು ತಿಂಗಳು ಮೂಗು ಮುಚ್ಚಿ ಕುಡಿದಳು. ಆಗಬೇಕಾದ್ದು ಆಗಲಿಲ್ಲ. "ದೇವ್ರು ಕಣ್ಣು ಬುಡ್ಲಿಲ್ಲ ಕಣಕ್ಕ" ಎಂದು ಗಂಗಯ್ಯ ಕೈ ತೊಳೆದುಕೊಂಡ. ಅವನ ಗಂಟೇನು ಹೋಗಬೇಕಿತ್ತು?

ಅಳಿಯ ಇನ್ನೊಂದು ಮದುವೆಯಾದ. ಬಂದವಳು ಆರು ತಿಂಗಳಲ್ಲೇ ಬಸುರಿಯಾದಳು. ಚಿಕ್ಕಗೌರಮ್ಮ ಟ್ರಂಕು ಹೊತ್ತು ತವರಿಗೆ ಬಂದಳು.

ಮಗಳು ಟ್ರಂಕು ಇಳಿಸುವುದನ್ನು ನೋಡಿದ್ದೇ ತಡ, ಹೊಂಬಾಳಮ್ಮ ಎದ್ದಳು. ದೋಟಿ ಎಳೆದುಕೊಂಡು ತೋಟಕ್ಕೆ ನುಗ್ಗಿದಳು. ಅರ್ಧಕ್ಕರ್ಧ ಒಣಗಿದ ಮರದಲ್ಲಿ ಬದನಿಕೆ ಮಾತ್ರ ಕೆಂಪು ಹಣ್ಣು ಹೊತ್ತು ನಿಂತಿತ್ತು. ಕುಡುಗೋಲು ಹಾಕುವಷ್ಟರಲ್ಲಿ ಹಿಂದೆ ಬಂದ ಮಗಳು ದೋಟಿ ಹಿಡಿದಳು.

"ಬುಡವ್ವ."

"ಯಾಕೆ ಬುಡ್ಲಿ? ಮರನೇ ತಿಂದಾಕ್ತಲ್ಲೇ ಈ ಮುಂಡೇದು!"

"ಹಣ್ಣು ಬುಟ್ಟಿರೋದು ಅದೊಂದೇ ಅಲ್ವಾ? ಬಂಜೆ ಮರ ಉಳ್ಸ್ಕೊಂಡು ಏನ್ ಮಾಡೀಯ?"

ಅತ್ತೆಯ ಮನೆಯವರು ವರ್ಷಗಟ್ಟಲೆ ಆಡಿದ ಬಂಜೆಯೆಂಬ ಆ ಮಾತನ್ನು ಮಗಳು ಮೊದಲ ಸಲ ತನ್ನ ಬಾಯಿಂದಲೇ ಆಡಿದ್ದಳು. ಹೊಂಬಾಳಮ್ಮ ದೋಟಿಯನ್ನು ಬೇಲಿಗೆ ಒರಗಿಸಿದಳು.