ಓಡುವ ಕಾರಿನ ಯಜಮಾನರು

ಬಿ.ಸಿ.ರೋಡಿನ ಶೋರೂಮಿನಲ್ಲಿ ಮಾವ ಕೇಳಿದ ಮೊದಲ ಪ್ರಶ್ನೆಗೇ ಸೇಲ್ಸಿನವರ ಮುಖ ಸಪ್ಪೆಯಾಯಿತು.

"ಇದರ ಹೊಸದು ಉಂಟಾ?" ಎಂದು ಮಾವ ಗಾಜಿನ ಆಚೆ ನಿಲ್ಲಿಸಿದ್ದ ತಮ್ಮ ಹಳೆಯ ಕಾರಿನತ್ತ ಕೈ ತೋರಿಸಿದ್ದರು.

"ಇಲ್ಲ ಸರ್. ಕಂಪೆನಿ ಆ ಮಾಡೆಲ್ ನಿಲ್ಲಿಸಿ ಆಯ್ತು. ಈಗ ಎಲ್ಲ ಎತ್ತರದ ಗಾಡಿಯೇ. ಮುಂದೆ ಬ್ಯಾಟರಿಯದ್ದು ಬರ್ತದಂತೆ, ಅದೂ ಎತ್ತರದ್ದೇ."

"ಹಾಗಾದ್ರೆ ತಗ್ಗಿನಲ್ಲಿ ಕೂತು ಓಡಿಸುವವರು ಎಂತ ಮಾಡುವುದು?"

"ಎತ್ತರದ್ದು ಅಭ್ಯಾಸ ಆಗ್ತದೆ ಸರ್" ಎಂದರು ಅವರು, ಪಾಪ, ತಮಗೇ ನಂಬಿಕೆ ಇಲ್ಲದ ದನಿಯಲ್ಲಿ.

ಮಾವ ಎಂದರೆ ನನ್ನ ಅಮ್ಮನ ತಮ್ಮ. ವಯಸ್ಸು ಎಪ್ಪತ್ತರ ಹತ್ತಿರ. ಮನೆ ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ, ಸಿದ್ದಕಟ್ಟೆಯ ಸಮೀಪ. ಪ್ರಾಯದಲ್ಲಿ ಗಲ್ಫಿನಲ್ಲಿ ದೊಡ್ಡ ದೊಡ್ಡವರ ಕಾರುಗಳನ್ನು ಓಡಿಸಿ, ಊರಿಗೆ ಬಂದ ಮೇಲೆ ತಮ್ಮದೇ ಎಂದು ಕೊಂಡದ್ದು ಈ ಒಂದೇ ಕಾರು. ನಾನು ಪಾಣೆಮಂಗಳೂರಿನವಳು, ಬಂಟ್ವಾಳದ ಹೈಸ್ಕೂಲೊಂದರಲ್ಲಿ ಗಣಿತದ ಟೀಚರ್. ಆ ದಿನ ಮಾವನ ಜೊತೆ ಹೋದದ್ದು ಅತ್ತೆಯ ಅಪ್ಪಣೆಯಂತೆ. "ಅವರು ಅಲ್ಲಿ ಮರುಳಾಗಿ ಎಂತದಾದ್ರೂ ಬುಕ್ ಮಾಡದ ಹಾಗೆ ನೋಡಿಕೋ" ಎಂದಿದ್ದರು. ಮರುಳಾಗಲು ಅಲ್ಲಿ ಏನೂ ಇರಲಿಲ್ಲ.

ಮಾವನ ಕಾರನ್ನು ಹೊರಗಿನಿಂದ ನೋಡಿದರೆ ಯಾರೂ ತಿರುಗಿ ನೋಡಲಿಕ್ಕಿಲ್ಲ. ಕಡು ನೀಲಿ ಬಣ್ಣದ, ಉದ್ದ ಡಿಕ್ಕಿಯ, ಸಭ್ಯ ಸೆಡಾನ್. ಬ್ಯಾಂಕ್ ಮ್ಯಾನೇಜರು ಮದುವೆಗೆ ಬರುವಂಥದ್ದು. ಆದರೆ ಬಾನೆಟ್ಟಿನ ಕೆಳಗೆ ಟರ್ಬೊ ಇಂಜಿನು, ಕೈಯಲ್ಲಿ ಹಾಕುವ ಆರು ಗೇರು, ನೆಲಕ್ಕೆ ಅಂಟಿದಂತೆ ಓಡುವ ತಗ್ಗಿನ ಮೈ. ಮಾವ ಅದನ್ನು ಓಡಿಸುವಾಗ ಪಕ್ಕದಲ್ಲಿ ಕೂತವರ ತಲೆ ಆಚೆ ಈಚೆ ವಾಲುತ್ತಿರಲಿಲ್ಲ. ಹಾರ್ನ್ ಹೊಡೆಯುವವರಲ್ಲ, ತಿರುವಿನಲ್ಲಿ ಯಾರನ್ನೂ ಹಿಂದೆ ಹಾಕುವವರಲ್ಲ. ಆದರೂ ಹೇಳಿದ ಸಮಯಕ್ಕಿಂತ ಮೊದಲೇ ಮುಟ್ಟಿರುತ್ತಿದ್ದರು. ಅಷ್ಟು ಚಂದ ಕಾರು ಓಡಿಸುವ ಇನ್ನೊಬ್ಬರನ್ನು ನಾನು ಕಂಡಿಲ್ಲ. ಇದರಲ್ಲಿ ನನಗೆ ಅನುಮಾನವೂ ಇಲ್ಲ, ವಿನಯವೂ ಇಲ್ಲ.

ಕಂಪೆನಿಯವರನ್ನು ಬೈಯುವುದು ಸುಲಭ. ನಾನೂ ಬೈದೆ. ಆದರೆ ನಮ್ಮ ಊರನ್ನು ನೋಡಿದರೆ ಅವರದ್ದು ಪೂರ್ತಿ ತಪ್ಪೆಂದು ಹೇಳುವ ಹಾಗಿಲ್ಲ. ಮಳೆಗಾಲದಲ್ಲಿ ನೇತ್ರಾವತಿ ಬಂಟ್ವಾಳದ ಪೇಟೆಗೇ ಬಂದು ಅಂಗಡಿಗಳ ಮೆಟ್ಟಿಲು ಹತ್ತುತ್ತದೆ. ಮಾರಿಗೊಂದು ಹಂಪು. ಮನೆಗಳೆಲ್ಲ ಕೆಳಗೆ ಗುಂಡಿಯಲ್ಲಿ, ರಸ್ತೆ ಎತ್ತರದಲ್ಲಿ. ನಡುವೆ ಕಡಿದಾದ ಇಳಿಜಾರು. ಮಾವ ತಮ್ಮ ಮನೆಯ ದಾರಿಯನ್ನು ಪ್ರತಿ ಸಲ ಓರೆಯಾಗಿಯೇ ಇಳಿಯಬೇಕಿತ್ತು, ಇಲ್ಲವಾದರೆ ಕಾರಿನ ಹೊಟ್ಟೆ ಕಲ್ಲಿಗೆ ತಾಗಿ ಅತ್ತೆ ಒಳಗಿನಿಂದಲೇ "ಆಯ್ತಾ ಇವತ್ತಿನ ಪೂಜೆ?" ಎಂದು ಕೇಳುತ್ತಿದ್ದರು. ಎಲ್ಲರೂ ಎತ್ತರದ ಗಾಡಿಯ ಹಿಂದೆ ಬಿದ್ದದ್ದಕ್ಕೆ ಕಾರಣ ಉಂಟು.

ಸೇಲ್ಸಿನವರು ಒತ್ತಾಯ ಮಾಡಿದ್ದಕ್ಕೆ ಮಾವ ಹೊಸ ಎತ್ತರದ ಗಾಡಿಯೊಂದನ್ನು ಹತ್ತಿ ಕೂತರು. ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು ಕಣ್ಣು ಕಿರಿದು ಮಾಡಿದರು.

"ಅಟ್ಟಕ್ಕೆ ಹತ್ತಿದ ಹಾಗೆ ಆಯ್ತು. ಊರೆಲ್ಲ ಕಾಣ್ತದೆ, ರಸ್ತೆ ಮಾತ್ರ ಎಲ್ಲೋ ಕೆಳಗೆ ಉಂಟು."

ಸೇಲ್ಸಿನವರು ನಕ್ಕುಬಿಟ್ಟರು. ಆಮೇಲೆ ದನಿ ತಗ್ಗಿಸಿ, "ನಂಗೂ ಬೇಜಾರುಂಟು ಸರ್. ನಾನು ಕೆಲಸಕ್ಕೆ ಸೇರಿದ ವರ್ಷ ಟೆಸ್ಟ್ ಡ್ರೈವಿಗೆ ಇದ್ದದ್ದು ಅದೇ ಸೆಡಾನ್. ಆದ್ರೆ ಅದನ್ನು ಕೇಳಿಕೊಂಡು ಬರುವವರೇ ಇಲ್ಲ" ಎಂದರು. ಅದನ್ನು ಕೇಳಿ ಅವರ ಮೇಲೆ ನನಗಿದ್ದ ಸಿಟ್ಟು ಹೋಯಿತು.

"ಸರಿ. ಹಾಗಾದ್ರೆ ನಾನು ಇರುವವರೆಗೆ ಇದನ್ನೇ ಓಡಿಸುವುದು" ಎಂದು ಮಾವ ಹೊರಗೆ ಬಂದರು.

ಅದೂ ಅವರ ಕೈಯಲ್ಲಿರಲಿಲ್ಲ. ಕೆಲವು ವಾರಗಳ ಬಳಿಕ ಕಣ್ಣಿನ ಕನ್ನಡಕ ಬದಲಿಸಲೆಂದು ನನ್ನ ಸಣ್ಣ ಕಾರಿನಲ್ಲಿ ಮೂಡುಬಿದಿರೆಯ ಕಣ್ಣಿನ ಡಾಕ್ಟರರ ಹತ್ತಿರ ಹೋದೆವು. ಡಾಕ್ಟರರು ಬೆಳಕು ಬಿಟ್ಟು, ಬೊಟ್ಟು ತೋರಿಸಿ, ಮೆಷಿನಿನ ಮುಂದೆ ಕೂರಿಸಿ ನೋಡಿದರು. ನೇರ ಎದುರಿನದ್ದು ಕಾಣುತ್ತದೆ, ಎರಡೂ ಬದಿಯ ದೃಷ್ಟಿ ಹೋಗಿದೆ ಎಂದರು. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಔಷಧಿಯಿಂದ ಕಾಪಾಡಬಹುದು. ಇನ್ನು ಕಾರು ಓಡಿಸಬಾರದು.

"ಹಗಲು ಹೊತ್ತು ಮಾತ್ರ?" ಮಾವ ಕೇಳಿದರು.

"ಬೇಡ. ಬದಿಯಿಂದ ಯಾರಾದ್ರೂ ಅಡ್ಡ ಬಂದ್ರೆ ನಿಮಗೆ ಗೊತ್ತೇ ಆಗುವುದಿಲ್ಲ."

ಮಾವ ಕನ್ನಡಕ ಹಾಕಿಕೊಂಡು ಎದ್ದರು. ಅಡ್ಡ ಬರುವವರ ಮಾತು ಬಂದ ಮೇಲೆ ಅವರು ಹಟ ಮಾಡುವವರಲ್ಲ. ಹಿಂದೆ ಬರುವಾಗ ದಾರಿಯುದ್ದಕ್ಕೂ ನನ್ನ ಗೇರು, ಬ್ರೇಕುಗಳ ಬಗ್ಗೆ ಎಂದಿನ ಒಂದು ಟೀಕೆಯೂ ಇಲ್ಲ. ನನಗೆ ಅಳು ಬಂತು. ರಸ್ತೆ ಕಾಣಬೇಕಲ್ಲ ಎಂದು ತಡೆದುಕೊಂಡೆ.

ಸುದ್ದಿ ತಿಳಿದು ಮಾವನ ಮಗ ಬೆಳ್ತಂಗಡಿಯಿಂದ ಬಂದ. ನನಗೆ ಬಾವ, ಅಲ್ಲಿ ಹೋಟೆಲ್ ನಡೆಸುತ್ತಾನೆ. ಬಂದದ್ದು ಏಳು ಸೀಟಿನ ಎತ್ತರದ ಗಾಡಿಯಲ್ಲಿ. ಅಪ್ಪನ ಮೇಲೆ ಅವನಿಗೆ ಪ್ರೀತಿ ಇಲ್ಲವೆಂದಲ್ಲ. ಹಳೆ ಕಾರನ್ನು ಎಕ್ಸ್‌ಚೇಂಜಿಗೆ ಕೊಡುವ, ತನ್ನದರಂಥದ್ದೇ ಒಂದು ತೆಗೆಯುವ, ಒಬ್ಬ ಡ್ರೈವರನ್ನು ಇಡುವ, ಅಮ್ಮನಿಗೂ ಹತ್ತಿ ಇಳಿಯಲು ಸುಲಭ ಎಂದು ಎಲ್ಲವನ್ನೂ ತಾನೇ ತೀರ್ಮಾನಿಸಿಕೊಂಡು ಬಂದಿದ್ದ.

"ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ" ಎಂದೆ ನಾನು. "ಕಣ್ಣು ಹಾಳಾದದ್ದು ಮಾವನದ್ದು. ಕಾರು ಎಂತ ಮಾಡಿದೆ?"

"ಮತ್ತೆ ಅದನ್ನು ಶೆಡ್ಡಿನಲ್ಲಿಟ್ಟು ಆರತಿ ಎತ್ತುವುದಾ? ಈಗ ಕೊಟ್ಟರೆ ಯಾರಾದ್ರೂ ತೆಗೊಳ್ತಾರೆ. ಕಂಪೆನಿಗೇ ಬೇಡದ ಕಾರು ಮಾರಾಯ್ತಿ ಅದು" ಎಂದ ಬಾವ.

ಮಾವ ಜಗಲಿಯಲ್ಲಿ ಕೂತು ಕೇಳುತ್ತಿದ್ದರು. ಈಗ ಮಗನನ್ನು ನೇರ ನೋಡಿ ಕೇಳಿದರು:

"ನಮ್ಮ ಕೋಣಗಳು ಕಂಬಳದಲ್ಲಿ ಓಡ್ತಿದ್ದಾಗ ನಾನಾಗ್ಲಿ ನನ್ನ ಮಾವನಾಗ್ಲಿ ಅದರ ಹಿಂದೆ ಓಡಿದ್ದುಂಟಾ?"

ಬಾವನಿಗೆ ಅರ್ಥವಾಗಲಿಲ್ಲ. ನನಗೆ ತಟ್ಟನೆ ಹೊಳೆಯಿತು. ಹಿಂದೆ ಆ ಮನೆಯಲ್ಲಿ ಓಟದ ಕೋಣಗಳಿದ್ದವು. ಅವುಗಳಿಗೆ ಹುರುಳಿ ಬೇಯಿಸುವುದು, ಎಣ್ಣೆ ತಿಕ್ಕುವುದು, ನೆರಳು ಮಾಡುವುದು ಎಲ್ಲ ಯಜಮಾನರ ಖರ್ಚು, ಯಜಮಾನರ ಕಾಳಜಿ. ಆದರೆ ಕೆಸರಿನಲ್ಲಿ ಅವುಗಳನ್ನು ಓಡಿಸುವವನು ಬೇರೆ, ಅದಕ್ಕೆಂದೇ ಪಳಗಿದವನು. ಯಜಮಾನರು ಓಟ ಮುಗಿಯುವ ತುದಿಯಲ್ಲಿ ಶಲ್ಯ ಹಾಕಿಕೊಂಡು ನಿಂತಿರುತ್ತಾರೆ. ಓಡಿಸದಿದ್ದರೂ ಕೋಣ ಅವರದ್ದೇ, ಸುಖವೂ ಅವರದ್ದೇ.

"ಟಿಲ್ಲರ್ ಬಂದ ಮೇಲೆ ಉಳುವ ಕೋಣಗಳೆಲ್ಲ ಹೋದವು" ಎಂದರು ಮಾವ. "ಓಡುವ ಕೋಣ ಇನ್ನೂ ಉಂಟು. ಯಾಕೆ ಹೇಳು? ಕೆಲಸಕ್ಕೆ ಸಾಕಿದ್ದಕ್ಕೆ ಬದಲಿ ಸಿಗ್ತದೆ. ಪ್ರೀತಿಗೆ ಸಾಕಿದ್ದಕ್ಕೆ ಎಂತ ಬದಲಿ? ಕಂಪೆನಿಯವರು ಉಳುವುದಕ್ಕೆ ಬೇಕಾದ್ದು ಮಾಡ್ಲಿ. ಓಡುವಂಥದ್ದು ಬೇಕು ಅಂತ ನಾಲ್ಕು ಜನ ಇದ್ರೆ ಅದು ಉಳೀತದೆ, ಅವರು ಮಾಡದಿದ್ರೂ."

"ಸರಿ ಅಪ್ಪ, ಓಡಿಸುವವರು ಯಾರು?"

ಮಾವ ನನ್ನತ್ತ ಕೈ ತೋರಿಸಿದರು. "ಇವಳು."

ಬಾವ ನಕ್ಕ. "ಅಳಿಯಕಟ್ಟು ಊರು ಬಿಟ್ಟರೂ ನಮ್ಮ ಮನೆ ಬಿಡ್ಲಿಲ್ಲ!" ಹಿಂದಿನ ಕಾಲದಲ್ಲಿ ನಮ್ಮಲ್ಲಿ ಆಸ್ತಿ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತಿದ್ದದ್ದನ್ನು ಎತ್ತಿ ಆಡಿದ ಮಾತು. ನಾನೂ ನಕ್ಕೆ. ಒಳಗೊಳಗೆ ಹೆದರಿಕೆಯಾಗಿತ್ತು.

ಹೆದರಿಕೆ ಸುಳ್ಳಾಗಲಿಲ್ಲ. ಮೊದಲ ಭಾನುವಾರ ಮನೆಯ ಇಳಿಜಾರು ಹತ್ತುವಾಗಲೇ ಮತ್ತೆ ಮತ್ತೆ ಕಾರು ಆಫ್ ಆಯಿತು. ಕ್ಲಚ್ಚು ಗಟ್ಟಿ ಎಂದೆ, ದಾರಿ ಸರಿಯಿಲ್ಲ ಎಂದೆ. "ಹೌದು ಹೌದು, ಕುಣಿಯಲಾರದವಳಿಗೆ ನೆಲ ಡೊಂಕು" ಎಂದರು ಮಾವ ಎಡಗಡೆ ಸೀಟಿನಿಂದ. ಮೂಡುಬಿದಿರೆಯಿಂದ ಬಂದ ದಿನದ ಬಳಿಕ ಅವರು ನನ್ನನ್ನು ಗೇಲಿ ಮಾಡಿದ್ದು ಅದೇ ಮೊದಲು. ಎಷ್ಟು ಸಮಾಧಾನವಾಯಿತೆಂದರೆ ಬೇಕೆಂದೇ ಇನ್ನೊಮ್ಮೆ ಆಫ್ ಮಾಡಿಬಿಡೋಣ ಅನ್ನಿಸಿತು.

ಆಮೇಲೆ ಪ್ರತಿ ಭಾನುವಾರ ಬೆಳಿಗ್ಗೆ, ರಸ್ತೆಗೆ ಜನ ಬರುವ ಮೊದಲು, ಮೂಡುಬಿದಿರೆಯ ಕಡೆಗೆ. ಮಾವನ ಪಾಠದಲ್ಲಿ ವೇಗದ ಮಾತೇ ಇರಲಿಲ್ಲ. ಶಾಲೆ, ಪೇಟೆ ಬಂದರೆ ಸೈಕಲಿನವನೂ ನಮ್ಮನ್ನು ದಾಟಿ ಹೋಗಬೇಕು. ಬ್ರೇಕು ತಿರುವಿನ ಮೊದಲೇ ಮುಗಿಯಬೇಕು. ತಿರುವಿನ ಒಳಗೆ ಹೋದ ಮೇಲೆ ಕಾಲು ಬ್ರೇಕು ಹುಡುಕಬಾರದು. ಕಣ್ಣು ಎಲ್ಲಿ ಹೋಗುತ್ತದೋ ಕಾರು ಅಲ್ಲಿಗೆ ಹೋಗುತ್ತದೆ, ಆದ್ದರಿಂದ ಹೊಂಡ ನೋಡಬೇಡ, ದಾರಿ ನೋಡು.

ಒಂದು ಭಾನುವಾರ, ಸಿದ್ದಕಟ್ಟೆ ದಾಟಿದ ಮೇಲಿನ ಒಂದು ಉದ್ದನೆಯ ತಿರುವಿನಲ್ಲಿ, ಎಲ್ಲವೂ ಒಟ್ಟಿಗೆ ಸರಿಯಾಯಿತು. ಮೊದಲೇ ನಿಧಾನ ಮಾಡಿದೆ, ಮೂರನೇ ಗೇರು ಹಾಕಿದೆ, ಸ್ಟೇರಿಂಗ್ ತಿರುಗಿಸಿ ಮೆಲ್ಲ ಆಕ್ಸಿಲರೇಟರ್ ಒತ್ತಿದೆ. ಕಾರು ವಾಲಲಿಲ್ಲ, ಹೆದರಲಿಲ್ಲ. ನೆಲಕ್ಕೆ ಕೂತುಕೊಂಡು, ತಿರುವನ್ನು ತಾನೇ ಎಳೆದುಕೊಂಡ ಹಾಗೆ ಆಚೆ ಬಂತು. ವೃತ್ತ, ಪರಿಧಿ, ಸ್ಪರ್ಶಕ ಎಂದು ವರ್ಷವಿಡೀ ಬೋರ್ಡಿನ ಮೇಲೆ ಗೀಚುವ ನನಗೆ ತಿರುವೆಂದರೆ ಏನೆಂದು ಬೆನ್ನಿನ ಮೂಲಕ ಗೊತ್ತಾದದ್ದು ಆ ದಿನ. ಮದುವೆ ಆದ ದಿನವೂ ನನಗೆ ಅಷ್ಟು ಖುಷಿ ಆಗಿರಲಿಲ್ಲ, ಗಂಡನಿಗೂ ಹೇಳಿದ್ದೇನೆ. ಇಂಥ ಕಾರು ಮಾಡಲು ಗೊತ್ತಿದ್ದವರು ಇನ್ನು ಮಾಡುವುದಿಲ್ಲವೆಂದು ಕೂತಿದ್ದಾರಲ್ಲ ಎಂದು ಮತ್ತೆ ಕಂಪೆನಿಯವರ ಮೇಲೆ ಸಿಟ್ಟು ಬಂತು. ಪಕ್ಕದಲ್ಲಿ ಮಾವನ ಕೈ ಮೊಣಕಾಲಿನ ಮೇಲೆ ಗೇರು ಬದಲಿಸುವ ಹಾಗೆ ಆಡುತ್ತಿತ್ತು. ಅದನ್ನು ಕಂಡು ನನ್ನ ಖುಷಿಗೆ ನನಗೇ ನಾಚಿಕೆಯಾಯಿತು. ನನಗೆ ಹೊಸದಾಗಿ ಸಿಕ್ಕಿದ್ದು ಅವರಿಂದ ಹೋದದ್ದೇ ಅಲ್ಲವೇ?

ಮುಂದಿನ ಭಾನುವಾರ ಎರಡೂ ಬದಿ ಗದ್ದೆಗಳಿರುವ ನೇರ ರಸ್ತೆಯೊಂದರಲ್ಲಿ ಮಾವ "ನಿಲ್ಸು" ಎಂದರು. ಮೈ ಸರಿಯಿಲ್ಲವೇನೋ ಎಂದು ಗಾಬರಿಯಾಗಿ ಬದಿಗೆ ನಿಲ್ಲಿಸಿದೆ. ಅವರು ಬಾಗಿಲು ತೆರೆದು ಇಳಿದು, ರಸ್ತೆ ತಿರುಗುವಲ್ಲಿದ್ದ ಮೋರಿಯ ಕಟ್ಟೆಯ ಹಿಂದೆ ಹೋಗಿ ನಿಂತರು.

"ನೀನು ಆ ತುದಿಗೆ ಹೋಗಿ ತಿರುಗಿಸಿಕೊಂಡು ಬಾ. ನಾನು ನೋಡ್ತೇನೆ."

"ನಿಮಗೆ ಕಾಣ್ತದಾ ಮಾವ?"

"ನೇರ ಬಂದ್ರೆ ಕಾಣ್ತದೆ. ಬದಿಗೆ ಹೋದ ಮೇಲೆ ಕಾಣದಿದ್ರೆ ಕಿವಿ ಉಂಟಲ್ಲ."

ರಸ್ತೆಯ ತುದಿಗೆ ಹೋಗಿ ತಿರುಗಿಸಿದೆ. ದೂರದಲ್ಲಿ ಅವರ ಬಿಳಿ ಅಂಗಿ ಕಾಣುತ್ತಿತ್ತು. ಆಚೆ ಈಚೆ ಒಂದು ನರಪಿಳ್ಳೆಯೂ ಇರಲಿಲ್ಲ. ಎರಡನೇ ಗೇರು, ಮೂರು, ನಾಲ್ಕು. ಟರ್ಬೊ ಉಸಿರು ತೆಗೆದುಕೊಳ್ಳುವುದು ಕೇಳಿತು. ಬಿಳಿ ಅಂಗಿ ದೊಡ್ಡದಾಯಿತು, ಮುಖ ಕಂಡಿತು. ತಿರುವಿನ ಮೊದಲು ಬ್ರೇಕು, ಗೇರು ಇಳಿಸಿ, ಅವರ ಎದುರಿನಿಂದಲೇ ತಿರುಗಿ ಆಚೆ ಹೋದೆ. ಮುಂದೆ ಜಾಗ ನೋಡಿ ಕಾರು ತಿರುಗಿಸಿ ಹಿಂದೆ ಬಂದೆ.

ಮಾವ ಅಳುತ್ತಿದ್ದರು. ಮುಚ್ಚಿಡುವ ಪ್ರಯತ್ನವನ್ನೂ ಮಾಡಲಿಲ್ಲ. ನಾನು ಗ್ಲಾಸು ಇಳಿಸಿದೆ.

"ಎಷ್ಟು ಚಂದ ಬರ್ತದೆ ಮಾರಾಯ್ತಿ ಇದು" ಎಂದರು. "ಇಷ್ಟು ವರ್ಷ ಒಳಗೇ ಕೂತಿದ್ದೆನಲ್ಲ. ಇದು ಓಡುವುದನ್ನು ನಾನು ಇವತ್ತೇ ನೋಡಿದ್ದು."

ಹತ್ತಿ ಕೂರಲಿ ಎಂದು ಎಡಗಡೆಯ ಬಾಗಿಲು ತೆರೆದೆ. ಅವರು ಅದನ್ನು ಮೆಲ್ಲನೆ ಮುಚ್ಚಿ, ಹೆಗಲ ಮೇಲಿನ ಶಲ್ಯದಿಂದ ಮುಖ ಒರೆಸಿಕೊಂಡು ಕಟ್ಟೆಯ ಕಡೆಗೆ ನಡೆದರು.

"ಮೂರನೇ ಗೇರು ಕೊಂಚ ತಡವಾಗಿ ಹಾಕಿದೆ, ಕೇಳಿತು" ಎಂದರು, ತಿರುಗಿ ನೋಡದೆ. "ಇನ್ನೊಮ್ಮೆ ಬಾ."