ರೇಸ್ ಕುದುರೆಯ ಕಾಲಿಗೆ ಬರೆ

ಗೆಳೆಯರೇ, ಇವತ್ತು ಕೊಳಕೂರಿನಲ್ಲಿ ನಾನು ಡಾಕ್ಟರ್ ಆಗಲು ಹೋದೆ. ಮಾಮಾನ ಕುದುರೆ ಗಾಡಿ ರೇಸಿನಲ್ಲಿ ಓಡುವಂಥದ್ದು. ಅದರ ಮುಂಗಾಲಿನ ನರ ಬಾತಿತ್ತು. ಲಾಳ ಬಡಿಯುವ ಖಾದರ್ ಚಾಚಾ ಬರೆ ಹಾಕಲು ಕಬ್ಬಿಣ ಕಾಯಿಸುತ್ತಿದ್ದರು, ನೋವಿಲ್ಲದ ಕಾಲಿಗೂ ಸೇರಿಸಿ.

"ಅದಕ್ಕ್ಯಾಕ್ರಿ ಚಾಚಾ?"

"ಭಾರ ಎಲ್ಲಾ ಇನ್ನ ಅದರ ಮ್ಯಾಲೇ ಬೀಳ್ತದಲ್ಲೋ, ಅದೂ ಗಟ್ಟಿ ಆಗ್ಲಿ."

ವೆಟರ್ನರಿ ಕಾಲೇಜು ಸೇರಿ ನಾಲ್ಕೇ ತಿಂಗಳು. ಕುದುರೆಯನ್ನು ಒಮ್ಮೆಯೂ ಮುಟ್ಟಿಲ್ಲ. ಆದರೂ ಬಾಯಿ ಬಿಟ್ಟೆ: "ಇದು ಟೆಂಡನ್ ಇಂಜುರಿ ಅದರಿ. ಬರೆ ಬ್ಯಾಡ. ತಣ್ಣೀರು, ಬ್ಯಾಂಡೇಜ್, ಫುಲ್ ರೆಸ್ಟ್."

"ಕಾಲಿನ ಪಾಠ ಆಗ್ಯಾದೇನಲೇ?" ಮಾಮಾ ಕೇಳಿದ.

"ಎಲುಬು ಆಗ್ಯಾವ ಮಾಮಾ. ನರ ಇನ್ನಾ ಬಂದಿಲ್ಲ."

ಚಾಚಾ ನಕ್ಕು, ಕಾದ ಕಬ್ಬಿಣವನ್ನು ಬಕೆಟ್ಟಿನ ನೀರಿಗೆ ಅದ್ದಿದರು. "ಹದಿನೈದು ದಿನ ನೋಡೂಣ. ಆದ್ರ ಬರೆ ಬ್ಯಾಡ ಅಂದವರೇ ಹಗ್ಗ ಹಿಡೀಬೇಕು, ಅದು ನಮ್ಮ ರಿವಾಜು."

ಹೀಗಾಗಿ ರಜೆ ಮುಗಿಯುವತನಕ ದಿನಕ್ಕೆರಡು ತಾಸು ಕುದುರೆ ಹಳ್ಳದ ನೀರಿನಲ್ಲಿ, ಹಗ್ಗ ಹಿಡಿದು ಪಕ್ಕದಲ್ಲಿ ನಾನು. ಮೊದಲ ದಿನದ ಸಂಜೆಯ ವರದಿ ಇಷ್ಟು: ಕುದುರೆಯ ಬಾವು ಹಾಗೇ ಇದೆ, ಡಾಕ್ಟರಿಗೆ ನೆಗಡಿ ಶುರುವಾಗಿದೆ.